‘ನ್’ ಬಂದ್ರ ಸೋತಂಗ

ಶನಿವಾರ ರಾತ್ರಿ, ಮೂರನೇ ಗೇಟಿನ ಹತ್ರ,
ಮಾಳಿಗಿ ಮ್ಯಾಲಿನ ಹಾಲಿನಾಗ ಕರಾವೊಕೆ.
ನಿಶಿಮುರಾ ಅವ್ರು ಸೋಮವಾರ ಹೊಂಟಾರ.
ಹಾಡಿನ ಯಾದಿ ಮಾಡೋ ಕೆಲಸ ನನ್ನ ಪಾಲಿಗಿ ಬಂದೈತಿ,
ಉದ್ಯಮಬಾಗದ ನಮ್ಮ ಫೌಂಡ್ರಿಯೊಳಗ
ಜಪಾನಿ ಅಕ್ಷರ ಓದಾಕ ಬರೋದು ನನಗೊಬ್ಬಾಕಿಗೇ ಅಂತ.
ಓದೋದಂದ್ರ ಬೆರಳಿಟ್ಟು ಓದೋದು,
ಒಂದನೇತ್ತೆ ಹುಡುಗರಂಗ.

ಆಟದ ಕಾಯ್ದೆ ಅವ್ರ ಹೇಳಿದ್ದು:
ಒಂದು ಹಾಡಿನ ಹೆಸರು ಯಾವ ಅಕ್ಷರಕ್ಕ ಮುಗಿತೈತಿ
ಮುಂದಿನ ಹಾಡು ಅದರಿಂದ ಸುರುವಾಗಬೇಕು.
ಅಷ್ಟ ಆಗಿದ್ರ ನಮ್ಮ ಅಂತ್ಯಾಕ್ಷರಿ.
ಆದ್ರ ಕಡೀಕ ‘ನ್’ ಬಂತಂದ್ರ ಸೋತಂಗ.
ಅವ್ರ ಭಾಷಾದಾಗ ‘ನ್’ನಿಂದ ಯಾವ ಮಾತೂ ಹುಟ್ಟೂದಿಲ್ಲಂತ.

ಇನ್‌ಸ್ಪೆಕ್ಷನ್ ಕಾರ್ಡಿನ ಬೆನ್ನಿಗಿ ಬರಕೊಂಡೆ.
ಕೋದಿಂದ: ಬಸ್ಸಿನಾಗ ಛತ್ರಿ ಮರತವಳ ಹಾಡು,
ಮುಗಿಯೂದು ನೇಕ್ಕ.
ನೇದಿಂದ: ನಿದ್ದಿ ಬರದ ಬೆಕ್ಕಿಂದು,
ಕುಣಿಯೋ ತಾಳ, ಚೌಗುಲೆಗೆ ಹೊಂದತೈತಿ,
ಮುಗಿಯೂದು ತಾಕ್ಕ.
ತಾದಿಂದ ಮೂರು ಸಿಕ್ಕುವು.
ಒಂದು ಭಾಳ ಅಳಿಸ್ತೈತಿ, ಹೊಡದ ಹಾಕಿದೆ.
ಒಂದು ಭಾಳ ಎತ್ತರ, ನಾಕನೇ ಸಾಲಿಗಿ ನನ್ನ ದನಿ
ಗೇಟು ಬಿದ್ದಾಗಿನ ಸ್ಕೂಟರಿನಂಗ ನಿಂತ ಬಿಡತೈತಿ.
ಉಳಿದದ್ದು ಚಂದ ಐತಿ, ಹಲ್ಲಿಗಿ ಹತ್ತೂದಿಲ್ಲ, ಉಸರಿಗಿ ಹತ್ತೂದಿಲ್ಲ,
ಕಡೀಕ ನೋಡಿದ್ರ ‘ನ್’.

ಮ್ಯಾಲೆ ನುಣುಪ, ಒಳಗ ಗಾಳಿಗುಳ್ಳಿ.
ಹಂತಾ ಎರಕದ ಮಾಲು ಬಾಜೂಕ ಸರಿಸಿದಂಗ
ಅದನ್ನೂ ಸರಿಸಿದೆ.

ಬಾಹುಬಲಿ ಚೌಗುಲೆ ಚಾ ಹಿಡಕೊಂಡು ಇಣುಕಿದ.
‘ನಮ್ಮಲ್ಲಿ ಹಂತಾ ತ್ರಾಸ ಇಲ್ಲ ನೋಡವಾ,
ಪೆನ್ ಅಂದ್ರ ಪೆನ್ನು, ಫೋನ್ ಅಂದ್ರ ಫೋನು,
ಬಾಲಕ್ಕೊಂದು ಉಕಾರ ಸಿಗಿಸಿ ಮುಂದಕ್ಕ ನೂಕತೇವಿ.’
‘ಹಂಗಾರ ಜೋಳ?’ ಅಂದೆ. ‘ಳ’ದಿಂದ ಏನ ಹಾಡ್ತಿ?
ಕಪ್ಪು ಖಾಲಿ ಆಗೋ ತನಕ ಅವ ಸುಮ್ಮನ ನಿಂತ.
ಮರಾಠಿಯೊಳಗೂ ಹುಡುಕಿದ ಅನಸ್ತೈತಿ,
ಅಲ್ಲೂ ಸಿಗಲಿಲ್ಲ.

ಮಧ್ಯಾಹ್ನ ಕ್ಯಾಂಟೀನಿನಾಗ ನಿಶಿಮುರಾ ಅವ್ರು
ರೊಟ್ಟಿ ಮುರದು ಬೆಳಕಿಗಿ ಹಿಡದು ನೋಡಿ,
ಅದರಾಗೂ ಏನರ ದೋಷ ಹುಡುಕಾಕ ಹತ್ಯಾರೇನೋ ಅನ್ನೂವಂಗ,
‘ಜೋರಾ’ ಅಂದ್ರು.
‘ಳ’ ಆ ನಾಲಿಗಿ ಮ್ಯಾಲೆ ಉರಳಿ ‘ರ’ ಆಗಿ ಬಿತ್ತು.
ಚೌಗುಲೆ ಕುಂತಲ್ಲಿಂದ ಜಿಗದ:
‘ರಾ! ರಾದಿಂದ ರಗಡ ಅದಾವು!’
ಪಲ್ಯಾ ಬಡಿಸಾಕಿ ಸೌಟ ಹಿಡಕೊಂಡ ನಿಂತಳು.

ಸಂಜಿಕ ಯಾದಿ ತೋರಿಸಿದೆ.
ತಪ್ಪಿದ ಅಕ್ಷರ ಎರಡು ತಿದ್ದಿದ್ರು,
ಡ್ರಾಯಿಂಗ್ ತಿದ್ದೂ ಪೆನ್ಸಿಲ್ಲಿಲೆ.
‘ನಿಹೋನ್’ ಅಂದ್ರು, ‘ನಮ್ಮ ದೇಶದ ಹೆಸರ ಸೋತ ಮಾತು.’
‘ನಿಶಿಮುರಾ-ಸಾನ್ ಅಂದ್ರೂ ಸೋತಂಗನ’ ಅಂದೆ.
ಮೂರು ತಿಂಗಳು, ಹೊತ್ತು ಹೊಂಟ್ರ ಮುಣಗಿದ್ರ
ಗೌರವ ಕೊಟ್ಟು ಕೊಟ್ಟು ಸೋತೇನಿ ನಾ.
‘ಇಲ್ಲೆ ಸಾನ್ ಬದಲಿ ಏನಂತೀರಿ?’
‘ರೀ.’
‘ರೀ’ ಅಂದ್ರು. ತಡದು, ಮತ್ತೊಮ್ಮೆ ‘ರೀ’,
ಅಚ್ಚಿನೊಳಗ ಕಾದ ಕಬ್ಬಣ ಹೊಯ್ದಂಗ ಸಾವಕಾಶ.
‘ಇದು ಮುಂದಕ್ಕ ಹೋಗತೈತಿ.’

ಹೊಂಡೂವಾಗ ಕಾರ್ಡಿನ ತುದೀಗಿ ತಾರೀಖು ಬರದು
ಊರಿನ ಹೆಸರು ತಮ್ಮ ಲಿಪಿಯೊಳಗ ಬರದ್ರು.
ಬೆರಳಿಟ್ಟು ಓದಿದೆ: ಬೆ. ರ. ಗಾ. ಬಿ.
ಹುಟ್ಟಿದಾಗಿಂದ ಇದ್ದ ಊರಾಗ
ಇಷ್ಟು ಬೆರಗ ಇತ್ತಂತ ಯಾರ ಹೇಳಿದ್ರು ನನಗ!

ತಾಕ್ಕ ಇನ್ನೂ ಒಂದು ಹಾಡು ಬೇಕು.
ಜಿಟಿಜಿಟಿ ಮಳಿ. ಎರಡನೇ ಗೇಟು ಬಿದ್ದೈತಿ.
ಗೂಡ್ಸ್ ಗಾಡಿ, ಡಬ್ಬಿ ಎಣಿಸೋದ ಬಿಟ್ಟೆ.
ಸ್ಕೂಟರ್ ಆರಿಸಿ, ರೇನಕೋಟಿನ ಟೊಪಗಿಯೊಳಗ ಫೋನು ತುರುಕಿ
ಆ ಅಳಿಸೋ ಹಾಡು ಮತ್ತೊಮ್ಮೆ ಕೇಳಿದೆ.
ಮುಗಿಯೂದು ರೀಕ್ಕ.
ಹೊಡದ ಹಾಕಿದ್ದನ್ನ ಮತ್ತ ಬರಕೊಂಡೆ.